ಅಕ್ಕಾ, ಇದು ಬೂಷ್ಟಾ?

ಕೆಲವು ದಿನದ ಹಿಂದೆ ರಾತ್ರಿ ಹತ್ತೂವರೆಗೆ ತಂಗಿ ತಾನು ಹಾಕಿದ ಅಣಬೆ ಚೀಲದ ಒಂದು ಫೋಟೊ ಕಳಿಸಿದಳು. ಪಾರದರ್ಶಕ ಪ್ಲಾಸ್ಟಿಕ್ ಚೀಲ, ಒಳಗೆ ಒತ್ತಿ ತುಂಬಿದ ಹುಲ್ಲು, ಹುಲ್ಲಿನ ನಡುವೆ ಹತ್ತಿ ಅಂಟಿಸಿದ ಹಾಗೆ ಅಲ್ಲಲ್ಲಿ ಬಿಳಿ. ಮೇಲಿನ ಒಂದು ಮೂಲೆಯಲ್ಲಿ ಆ ಬಿಳಿ ಸ್ವಲ್ಪ ಜಾಸ್ತಿಯೇ ಉಬ್ಬಿಕೊಂಡಿತ್ತು. ಫೋಟೊ ಕೆಳಗೆ ಒಂದೇ ಸಾಲು: "ಅಕ್ಕಾ, ಇದು ಬೂಷ್ಟಾ? ಎಸೆದುಬಿಡ್ಲಾ?"

"ಎಸೀಬೇಡ. ಮುಟ್ಟಲೂಬೇಡ. ಬೆಳಿಗ್ಗೆ ಮಾತಾಡೋಣ" ಎಂದು ಬರೆದು ಮಲಗಿದೆ. ನಿದ್ದೆ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ಮುಂದೆಯೂ ಇತ್ತು. ಆಗ ಕೇಳಲು ಯಾರೂ ಇರಲಿಲ್ಲ. ನಾನೇ ಉತ್ತರ ಕೊಟ್ಟುಕೊಂಡೆ, ಅದು ತಪ್ಪು ಉತ್ತರವಾಗಿತ್ತು.

ಆ ಸಲ ನಾನು ಐದು ಚೀಲ ಆಯಿಸ್ಟರ್ ಅಣಬೆ ಹಾಕಿದ್ದೆ. ಹುಲ್ಲು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಒಂದೂವರೆ ಗಂಟೆ ಇಟ್ಟು, ಬಸಿದು, ಪದರ ಪದರವಾಗಿ ಅಣಬೆ ಬೀಜ ಉದುರಿಸಿ, ಬಾಯಿ ಕಟ್ಟಿ, ಮಬ್ಬುಗತ್ತಲ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಚೀಲಗಳ ಮೇಲೆ ಒಂದರಿಂದ ಐದರವರೆಗೆ ನಂಬರ್ ಬರೆದು, ದಿನಾ ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಗೀಚುತ್ತಿದ್ದೆ. ಆ ನೋಟ್‌ಬುಕ್ ಈಗಲೂ ಇದೆ. ಒಂಬತ್ತನೆಯ ದಿನದ ಪುಟದಲ್ಲಿ ಹೀಗಿದೆ: "2 ಮತ್ತು 4ರಲ್ಲಿ ಹಳದಿ ನೀರು. ಬಿಳಿ ತುಂಬಾ ಉಬ್ಬಿದೆ, ಕೂದಲು ಕೂದಲು. ಕೆಟ್ಟಿದೆ ಅನ್ನಿಸುತ್ತೆ. 5 ಚೆನ್ನಾಗಿದೆ. ಒಂದು ಕಡೆ ಹಾಲಿನಂಥ ಬಿಳಿ, ದಟ್ಟ, ಎಲ್ಲಕ್ಕಿಂತ ವೇಗ."

2 ಮತ್ತು 4ನ್ನು ಎಸೆದೆ. 5ನ್ನು ಎಲ್ಲಕ್ಕಿಂತ ಮುಂದೆ, ಕಿಟಕಿಯ ಬೆಳಕು ಬೀಳುವ ಕಡೆ ಇಟ್ಟೆ. ಹನ್ನೆರಡನೆಯ ದಿನ ಬೆಳಿಗ್ಗೆ ಆ ಹಾಲಿನಂಥ ಬಿಳಿಯ ನಡುವೆ ಕಡು ಹಸಿರು. ಸಂಜೆಗೆ ಅಂಗೈಯಗಲ. ಇನ್ನೆರಡು ದಿನಕ್ಕೆ ಪಕ್ಕದ ಚೀಲಗಳ ತೂತುಗಳ ಸುತ್ತಲೂ ಹಸಿರು ಕೂತಿತ್ತು. ಐದರಲ್ಲಿ ಒಂದೂ ಉಳಿಯಲಿಲ್ಲ. ಒಳ್ಳೆಯದನ್ನು ಎಸೆದು ಕೆಟ್ಟದ್ದನ್ನು ಬೆಳಕಿಗೆ ಇಟ್ಟು ಸಾಕಿದ್ದೆ. ಯಾಕೆ ಹೀಗಾಯಿತು ಎಂದು ತಿಳಿಯಲು ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ.

ನನ್ನ ತಪ್ಪು ಪ್ರಶ್ನೆಯಲ್ಲೇ ಇತ್ತು. "ಇದು ಅಣಬೆಯ ಎಳೆಯೋ, ಬೂಷ್ಟೋ" ಎಂದು ಕೇಳುತ್ತಿದ್ದೆ. ಹಾಗೆ ಕೇಳಿದಾಗ ಎಳೆ ಒಂದು ಜೀವಿ, ಬೂಷ್ಟು ಇನ್ನೊಂದು ಜೀವಿ ಎಂಬ ಚಿತ್ರ ತಲೆಯಲ್ಲಿ ಕೂರುತ್ತದೆ. ಬಿಳಿ ಅಂದರೆ ಒಳ್ಳೆಯದು, ಬಣ್ಣ ಅಂದರೆ ಕೆಟ್ಟದ್ದು ಎಂಬ ಲೆಕ್ಕವೂ ಅದರ ಜೊತೆಗೇ ಬರುತ್ತದೆ. ನಿಜ ಏನೆಂದರೆ ಬೂಷ್ಟೂ ಎಳೆಯೇ. ಬೂಷ್ಟಿಗೂ ಎಳೆ ಇದೆ, ಅಣಬೆಗೂ ಎಳೆ ಇದೆ. ಎರಡೂ ಶಿಲೀಂಧ್ರಗಳೇ. ಶುರುವಿನ ಕೆಲವು ದಿನ ಎರಡೂ ಬಿಳಿಯೇ.

ಆ ಎಳೆಗೆ ಹೈಫಾ ಎನ್ನುತ್ತಾರೆ. ಸಣ್ಣ ಕೊಳವೆ. ಅಗಲ ಸುಮಾರು 2ರಿಂದ 10 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲು 50 ಮೈಕ್ರಾನ್‌ಗಿಂತ ದಪ್ಪ ಇರುತ್ತದೆ. ಅಂದರೆ ಒಂಟಿ ಎಳೆ ಕಣ್ಣಿಗೆ ಕಾಣುವುದೇ ಇಲ್ಲ. ಸಾವಿರಾರು ಎಳೆಗಳು ಒಂದರ ಮೇಲೊಂದು ಹಬ್ಬಿದಾಗಲೇ ನಮಗೆ "ಬಿಳಿ" ಕಾಣುವುದು. ಹಾಗೆ ಹಬ್ಬಿದ ಪೂರ್ತಿ ಬಲೆಗೆ ಮೈಸೀಲಿಯಂ ಎಂದು ಹೆಸರು.

ಎಳೆ ಬೆಳೆಯುವುದು ತುದಿಯಲ್ಲಿ ಮಾತ್ರ. ಹಿಂದಿನ ಭಾಗ ಉದ್ದವಾಗುವುದಿಲ್ಲ. ಒಳಗಿನ ಒತ್ತಡದಿಂದ ತುದಿ ಮುಂದಕ್ಕೆ ನುಗ್ಗುತ್ತದೆ, ನುಗ್ಗುತ್ತಾ ಹೊರಗೆ ಕಿಣ್ವಗಳನ್ನು ಸುರಿಸುತ್ತದೆ. ನಾವು ಆಹಾರವನ್ನು ಒಳಗೆ ಹಾಕಿಕೊಂಡು ಅರಗಿಸುತ್ತೇವೆ. ಶಿಲೀಂಧ್ರ ಹೊರಗೇ ಅರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಆದ್ದರಿಂದ ಅದು ಯಾವಾಗಲೂ ತನ್ನ ಊಟದ ಒಳಗೇ ಇರುತ್ತದೆ. ಹುಲ್ಲಿನ ಕಡ್ಡಿಯೊಂದನ್ನು ಎಳೆದು ತೆಗೆದು ಮಧ್ಯಕ್ಕೆ ಸೀಳಿ ನೋಡಿ. ಒಳಗಿನ ಟೊಳ್ಳಿನಲ್ಲೂ ಬಿಳಿ ಕಾಣುತ್ತದೆ. ನನಗೆ ಮೊದಲ ಸಲ ಅದು ಕಂಡಾಗ ಮೈ ಜುಂ ಎಂದಿತ್ತು.

ಹಾಗಾದರೆ ಬೂಷ್ಟು ಅಂದರೆ ಏನು? ಇದು ಒಂದು ಜಾತಿಯ ಹೆಸರಲ್ಲ. ಒಂದು ಕುಟುಂಬದ ಹೆಸರೂ ಅಲ್ಲ. ನಾವು ಕಣ್ಣಲ್ಲಿ ಕಂಡದ್ದಕ್ಕೆ ಇಟ್ಟ ಹೆಸರು. ಯಾವುದರ ಮೇಲಾದರೂ ಕೂದಲು ಕೂದಲಾಗಿ, ಪುಡಿ ಪುಡಿಯಾಗಿ ಏನಾದರೂ ಹಬ್ಬಿದರೆ ಅದನ್ನು ಬೂಷ್ಟು ಎನ್ನುತ್ತೇವೆ. ಪೆನಿಸಿಲಿಯಂ, ಆಸ್ಪರ್ಜಿಲಸ್, ಟ್ರೈಕೋಡರ್ಮಾ ಒಂದು ಗುಂಪಿನವು. ಬ್ರೆಡ್ಡಿನ ಮೇಲೆ ಕರಿ ಚುಕ್ಕೆ ಇಡುವ ರೈಜೋಪಸ್ ಬೇರೆಯೇ ಗುಂಪು. ಅದರ ಎಳೆಯಲ್ಲಿ ಮಧ್ಯೆ ಮಧ್ಯೆ ಅಡ್ಡಗೋಡೆಗಳು ಇಲ್ಲವೇ ಇಲ್ಲ ಅನ್ನಬಹುದು, ಉದ್ದಕ್ಕೂ ಒಂದೇ ಕೊಳವೆ. ಈ ಎರಡು ಗುಂಪುಗಳ ನಡುವಿನ ನೆಂಟಸ್ತಿಕೆ ಬಹಳ ದೂರದ್ದು. ಆದರೂ ಎರಡಕ್ಕೂ ನಮ್ಮಲ್ಲಿ ಒಂದೇ ಪದ.

ಮನುಷ್ಯರು ಬೂಷ್ಟನ್ನು ಹತ್ತಿರದಿಂದ ನೋಡಿದ ಕಥೆ ನನಗೆ ತುಂಬಾ ಇಷ್ಟ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಒಂದು ಪುಸ್ತಕದ ಚರ್ಮದ ಹೊದಿಕೆಯ ಮೇಲಿದ್ದ ಬಿಳಿ ಕಲೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ, ಕಂಡದ್ದನ್ನು ಚಿತ್ರ ಬರೆದ. ಬರಿಗಣ್ಣಿಗೆ ಕೊಳೆಯಂತೆ ಕಾಣುತ್ತಿದ್ದದ್ದು ಅಲ್ಲಿ ಸಣ್ಣ ಕಾಂಡ, ಕಾಂಡದ ತುದಿಯಲ್ಲಿ ಗುಂಡಗಿನ ತಲೆ. 1729ರಲ್ಲಿ ಇಟಲಿಯ ಸಸ್ಯಶಾಸ್ತ್ರಜ್ಞ ಪಿಯರ್ ಆಂಟೊನಿಯೊ ಮಿಕೇಲಿ ಇನ್ನೂ ಮುಂದೆ ಹೋದ. ಬೂಷ್ಟಿನ ಪುಡಿಯನ್ನು ಹಣ್ಣಿನ ಹೋಳಿನ ಮೇಲೆ ಬಿತ್ತಿದ. ಬಿತ್ತಿದ್ದೇ ಬೆಳೆಯಿತು. ಬೂಷ್ಟು ಸುಮ್ನೆ ಕೊಳೆತದ್ದರಿಂದ ತಾನಾಗೇ ಹುಟ್ಟುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಆಸ್ಪರ್ಜಿಲಸ್ ಎಂಬ ಹೆಸರಿಟ್ಟವನೂ ಅವನೇ. ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಉಪಕರಣದ ಆಕಾರ ಅದರಲ್ಲಿ ಅವನಿಗೆ ಕಂಡಿತು. ಪೆನಿಸಿಲಿಯಂ ಹೆಸರಿನ ಮೂಲವೂ ಹೀಗೇ ಆಕಾರದ್ದು, ಸಣ್ಣ ಕುಂಚ ಎಂದು ಅರ್ಥ.

ಈ ಹೆಸರುಗಳಲ್ಲೇ ನನ್ನ ಪ್ರಶ್ನೆಗೆ ಉತ್ತರ ಇತ್ತು. ಎರಡೂ ಹೆಸರು ಎಳೆಯನ್ನು ನೋಡಿ ಇಟ್ಟದ್ದಲ್ಲ. ಎಳೆಯ ಮೇಲೆ ಎದ್ದು ನಿಂತ ಬೀಜಕದ ಕಡ್ಡಿಯನ್ನು ನೋಡಿ ಇಟ್ಟದ್ದು. ಬೀಜಕ ಅಂದರೆ ಸ್ಪೋರ್, ಶಿಲೀಂಧ್ರ ಹರಡಲು ಉದುರಿಸುವ ಪುಡಿಯ ಕಣ. ಬೂಷ್ಟು ಎಂದು ನಮಗೆ ಬಣ್ಣದಲ್ಲಿ ಕಾಣುವುದು ಅದರ ಬೀಜಕಗಳು. ಹಸಿರು, ಕಪ್ಪು, ಕಿತ್ತಳೆ ಎಲ್ಲ ಆ ಪುಡಿಯ ಬಣ್ಣ. ಅದರ ಕೆಳಗಿನ ಎಳೆ ಹೆಚ್ಚಿನ ಸಲ ಬಿಳಿಯೇ, ಅಥವಾ ಬಣ್ಣವೇ ಇಲ್ಲದ್ದು.

ಇಲ್ಲಿ ಒಂದು ಮಾತು. ನಾವು ಅಣಬೆ ಬೀಜ ಎಂದು ಕರೆಯುತ್ತೇವಲ್ಲ, ಅದು ಬೀಜಕ ಅಲ್ಲ. ಬೇಯಿಸಿದ ಕಾಳಿನ ಮೇಲೆ ಬೆಳೆಸಿದ ಅಣಬೆಯ ಎಳೆ ಅದು. ನಾವು ಹುಲ್ಲಿಗೆ ಹಾಕುವುದು ಆಗಲೇ ಬೆಳೆಯುತ್ತಿರುವ ಜೀವವನ್ನು. ಹೊಸಬರು ಎಷ್ಟೋ ಜನ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ, ಕಾಳಿನ ಮೇಲಿನ ಬಿಳಿ ನೋಡಿ "ಬೀಜಕ್ಕೇ ಬೂಷ್ಟು ಬಂದಿದೆ" ಎಂದು ಹೆದರುತ್ತಾರೆ.

ಈಗ ವ್ಯತ್ಯಾಸಕ್ಕೆ ಬರುತ್ತೇನೆ. ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ವ್ಯತ್ಯಾಸ ಇರುವುದು ಬದುಕುವ ರೀತಿಯಲ್ಲಿ. ಬೂಷ್ಟು ಅವಸರದ ಜೀವ. ಸಕ್ಕರೆ, ಪಿಷ್ಟದಂಥ ಸುಲಭದ ಆಹಾರ ಸಿಕ್ಕರೆ ಎರಡು ಮೂರು ದಿನ ಹಬ್ಬುತ್ತದೆ. ಆಮೇಲೆ ತಡ ಮಾಡದೆ ಬೀಜಕ ಮಾಡಲು ಕೂರುತ್ತದೆ. ಜೋಡಿ ಬೇಕಿಲ್ಲ, ದೊಡ್ಡ ದೇಹ ಕಟ್ಟಬೇಕಿಲ್ಲ. ಎಳೆಯ ತುದಿಯಲ್ಲೇ ಬೀಜಕ ಕಿತ್ತು ಕಿತ್ತು ಹಾಕುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹಸಿರು ಕಲೆಯಲ್ಲಿ ಕೋಟಿಗಟ್ಟಲೆ ಬೀಜಕ ಇರುತ್ತವೆ. ಒಂದೊಂದೂ ಎರಡರಿಂದ ಐದು ಮೈಕ್ರಾನ್. ಉಸಿರು ಬಿಟ್ಟರೂ ಹಾರುತ್ತವೆ.

ಅಣಬೆಯ ಎಳೆಗೆ ಆ ಅವಸರ ಇಲ್ಲ. ಅದು ಮೊದಲು ಎಲ್ಲಾ ಕಡೆ ಹಬ್ಬುತ್ತದೆ. ಎಳೆಗೆ ಎಳೆ ಸಿಕ್ಕಿದಲ್ಲಿ ಒಂದಕ್ಕೊಂದು ಕೂಡಿಕೊಂಡು ಒಂದೇ ಬಲೆಯಾಗುತ್ತದೆ. ಒಂದು ಮೂಲೆಯಲ್ಲಿ ಸಿಕ್ಕ ಆಹಾರ ಇನ್ನೊಂದು ಮೂಲೆಗೆ ಹರಿಯುತ್ತದೆ. ಹುಲ್ಲಿಗೆ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಇದೆಯಲ್ಲ, ಅದನ್ನು ಒಡೆಯುವ ಶಕ್ತಿ ಆಯಿಸ್ಟರ್ ಅಣಬೆಯಂಥ ಶಿಲೀಂಧ್ರಗಳಿಗೆ ಇದೆ. ಸಾಮಾನ್ಯ ಬೂಷ್ಟುಗಳಿಗೆ ಆ ಕೆಲಸ ಆಗುವುದಿಲ್ಲ. ಲಿಗ್ನಿನ್ ಒಡೆಯುವುದು ನಿಧಾನದ ಕೆಲಸ. ಎರಡು ಮೂರು ವಾರ ಹಬ್ಬಿ, ಸಾಕಷ್ಟು ಕೂಡಿಟ್ಟು, ತಂಪು, ತಾಜಾ ಗಾಳಿ, ಬೆಳಕು ಸಿಕ್ಕ ಮೇಲೆ ಎಲ್ಲ ಎಳೆಗಳೂ ಸೇರಿ ಒಂದು ಮೊಗ್ಗು ಕಟ್ಟುತ್ತವೆ. ಅಣಬೆ ಎಂದು ನಾವು ಕೀಳುವುದು ಅದೇ ಎಳೆಗಳನ್ನು ಹೆಣೆದು ಮಾಡಿದ್ದು. ಕಾಂಡವನ್ನು ಉದ್ದಕ್ಕೆ ಸಿಗಿದರೆ ನಾರು ನಾರಾಗಿ ಬರುವುದು ಅದಕ್ಕೇ.

ಈ ತಾಳ್ಮೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅಮೆರಿಕದ ಒರೆಗಾನ್ ರಾಜ್ಯದ ಮಾಲೂರ್ ಕಾಡಿನಲ್ಲಿ ಒಂದು ಜೀವ ಇದೆ. ಆರ್ಮಿಲೇರಿಯಾ ಎಂಬ ಅಣಬೆಯ ಒಂದೇ ಎಳೆಬಲೆ, ಮಣ್ಣಿನಡಿಯಲ್ಲಿ ಸುಮಾರು 965 ಹೆಕ್ಟೇರ್ ಹಬ್ಬಿದೆ. ವಯಸ್ಸು ಎರಡು ಸಾವಿರ ವರ್ಷದ ಮೇಲೆ ಎಂದು ಅಂದಾಜು. ಮೇಲೆ ನಡೆದುಹೋದವರಿಗೆ ವರ್ಷದಲ್ಲಿ ಕೆಲವು ದಿನ ಕಾಣುವ ಒಂದಿಷ್ಟು ಅಣಬೆ ಬಿಟ್ಟರೆ ಏನೂ ಕಾಣುವುದಿಲ್ಲ.

ನನಗೆ ಇದೆಲ್ಲ ಮನಸ್ಸಿಗೆ ಇಳಿದದ್ದು ಓದಿ ಅಲ್ಲ. ಜೀವಶಾಸ್ತ್ರ ಕಲಿಸುವ ಗೆಳತಿಯೊಬ್ಬಳು ತನ್ನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಾಗ. ಎರಡು ಸಣ್ಣ ಡಬ್ಬಿಯಲ್ಲಿ ಎರಡು ಬಿಳಿ ತುಣುಕು ತಗೊಂಡು ಹೋಗಿದ್ದೆ. ಒಂದು ಆರೋಗ್ಯವಾಗಿದ್ದ ಚೀಲದ್ದು. ಇನ್ನೊಂದು, ಇನ್ನೂ ಹಸಿರಾಗದ, ಆದರೆ ನನಗೆ ಅನುಮಾನ ಬಂದ ಚೀಲದ್ದು. ಬರಿಗಣ್ಣಿಗೆ ನನಗೆ ಎರಡೂ ಒಂದೇ. ಅವಳು ಗಾಜಿನ ಪಟ್ಟಿಯ ಮೇಲೆ ನೀಲಿ ದ್ರಾವಣದ ಒಂದು ಹನಿ ಬಿಟ್ಟು, ಸೂಜಿಯಿಂದ ಎಳೆ ಬಿಡಿಸಿ, 400 ಪಟ್ಟು ದೊಡ್ಡದು ಮಾಡಿ "ಬಾ, ನೋಡು" ಎಂದಳು.

ಮೊದಲನೆಯದರಲ್ಲಿ ಉದ್ದ ಎಳೆಗಳು, ಅಲ್ಲಲ್ಲಿ ಅಡ್ಡಗೋಡೆ. ಪ್ರತಿ ಅಡ್ಡಗೋಡೆಯ ಪಕ್ಕದಲ್ಲಿ ಒಂದು ಪುಟ್ಟ ಕೊಂಡಿ, ಲೋಟದ ಹಿಡಿಯ ಹಾಗೆ ಹೊರಗೆ ಬಾಗಿ ಮತ್ತೆ ಎಳೆಗೇ ಸೇರಿತ್ತು. "ಇದು ಅಣಬೆಯ ರುಜು" ಎಂದಳು ಗೆಳತಿ. ಅಣಬೆಯ ಎಳೆಯ ಒಂದೊಂದು ಕೋಶದಲ್ಲೂ ಎರಡು ಕೋಶಕೇಂದ್ರ ಇರುತ್ತವೆ, ಇಬ್ಬರು ಪೋಷಕರಿಂದ ಒಂದೊಂದು. ಕೋಶ ಎರಡಾಗುವಾಗ ಹೊಸದಕ್ಕೂ ಎರಡೂ ಸಿಗಬೇಕು. ಅದಕ್ಕಾಗಿ ಒಂದು ಕೇಂದ್ರ ಈ ಕೊಂಡಿಯ ಸುತ್ತು ದಾರಿಯಲ್ಲಿ ಹೋಗುತ್ತದೆ. ಎಲ್ಲ ಅಣಬೆಗಳಿಗೂ ಈ ಕೊಂಡಿ ಇರುವುದಿಲ್ಲ, ಆಯಿಸ್ಟರ್‌ಗೆ ಇದೆ. ಬೂಷ್ಟುಗಳ ಎಳೆಯಲ್ಲಿ ಇರುವುದಿಲ್ಲ.

ಎರಡನೆಯ ಪಟ್ಟಿಯಲ್ಲಿ ಕೊಂಡಿ ಇರಲಿಲ್ಲ. ಎಳೆಯಿಂದ ಸಣ್ಣ ಮರದ ಹಾಗೆ ಕವಲು ಒಡೆದಿತ್ತು. ಕವಲಿನ ತುದಿಯಲ್ಲಿ ಹೊಟ್ಟೆ ದಪ್ಪ, ಕತ್ತು ಸಣ್ಣ ಇರುವ ಸೀಸೆಯಾಕಾರ. ಅದರ ಬಾಯಲ್ಲಿ ಆಗಷ್ಟೇ ಗುಂಡಗೆ ಬೀಜಕ ಕೂಡುತ್ತಿದ್ದವು. ಹೊರಗೆ ಇನ್ನೂ ಹಸಿರು ಕಂಡಿರಲಿಲ್ಲ, ಒಳಗೆ ಎಲ್ಲ ತಯಾರಿ ನಡೆದಿತ್ತು. ಟ್ರೈಕೋಡರ್ಮಾ. ನನ್ನ 5ನೇ ಚೀಲವನ್ನು ತಿಂದದ್ದು ಇದೇ ಎಂದು ಆಗ ಗೊತ್ತಾಯಿತು.

ಟ್ರೈಕೋಡರ್ಮಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಅಣಬೆ ಬೆಳೆಯುವವರ ಕಣ್ಣೀರಿನಲ್ಲಿ ದೊಡ್ಡ ಪಾಲು ಇದರದ್ದು. ಹುಲ್ಲು ಸರಿಯಾಗಿ ಬಿಸಿಯಾಗದಿದ್ದರೆ, ನೀರು ಜಾಸ್ತಿ ಉಳಿದರೆ, ಅಣಬೆ ಬೀಜ ಹಳತಾಗಿ ನಿಧಾನವಾದರೆ ಇದು ನುಗ್ಗುತ್ತದೆ. ಸ್ವಲ್ಪ ಹುಳಿ ಇದಕ್ಕೆ ಇಷ್ಟ, ಅದಕ್ಕೇ ಕೆಲವರು ನೆನೆಸುವ ನೀರಿಗೆ ಸುಣ್ಣ ಹಾಕುತ್ತಾರೆ. ಇದರ ಎಳೆಯ ವೇಗ ಅಣಬೆಯ ಎಳೆಗಿಂತ ಜಾಸ್ತಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಮೂರು ನಾಲ್ಕು ದಿನಕ್ಕೆ ಅಂಚು ಮುಟ್ಟುತ್ತದೆ, ಆಯಿಸ್ಟರ್‌ಗೆ ವಾರ ಬೇಕು. ಸಾಲದ್ದಕ್ಕೆ ಇದು ಬೇರೆ ಶಿಲೀಂಧ್ರಗಳನ್ನೇ ತಿನ್ನುತ್ತದೆ. ಅವುಗಳ ಎಳೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು, ಅವುಗಳ ಕೈಟಿನ್ ಎಂಬ ಗಟ್ಟಿ ವಸ್ತುವಿನ ಗೋಡೆಯನ್ನು ಕರಗಿಸಿ ಒಳಗಿನದ್ದನ್ನು ಹೀರುತ್ತದೆ.

ಬೆಳಕಿನ ವಿಷಯವೂ ಇದೆ. ಬೆಳಕು, ಅದರಲ್ಲೂ ನೀಲಿ ಬೆಳಕು, ಬಿದ್ದರೆ ಟ್ರೈಕೋಡರ್ಮಾ ಬೀಜಕ ಮಾಡಲು ಶುರು ಮಾಡುತ್ತದೆ. ಎಳೆಗೆ ಗಾಯವಾದರೂ ಅಷ್ಟೇ. ನಾನು 5ನೇ ಚೀಲವನ್ನು ಕಿಟಕಿಯ ಹತ್ತಿರ ಇಟ್ಟು, ದಿನಾ ಒತ್ತಿ ಒತ್ತಿ ನೋಡುತ್ತಿದ್ದೆ. ಹಗಲು ರಾತ್ರಿ ಬದಲಾಗುವ ಕಡೆ ಇದು ಉಂಗುರ ಉಂಗುರವಾಗಿ ಹಸಿರಾಗುವುದೂ ಇದೇ ಕಾರಣಕ್ಕೆ, ಬೆಳಕು ಬಿದ್ದಾಗ ತುದಿ ಎಲ್ಲಿತ್ತೋ ಅಲ್ಲೊಂದು ಹಸಿರು ಉಂಗುರ. ನನ್ನ ನೋಟ್‌ಬುಕ್ಕಿನಲ್ಲಿ ಅಂಥ ಮೂರು ಉಂಗುರದ ಚಿತ್ರ ಇದೆ, ಅದರರ್ಥ ಗೊತ್ತಿಲ್ಲದೆ ಬರೆದದ್ದು.

ಇಷ್ಟಾದರೂ ಅದನ್ನು ಶತ್ರು ಎಂದು ಬರೆಯಲು ಮನಸ್ಸು ಬರುವುದಿಲ್ಲ. ಇದೇ ಟ್ರೈಕೋಡರ್ಮಾವನ್ನು ಗಿಡಗಳ ಬೇರಿನ ರೋಗ ತಡೆಯಲು ರೈತರು ಮಣ್ಣಿಗೆ ಹಾಕುತ್ತಾರೆ, ಬೇರೆ ಶಿಲೀಂಧ್ರ ತಿನ್ನುವ ಗುಣವೇ ಅಲ್ಲಿ ಕೆಲಸಕ್ಕೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಯ ಡೇರೆ, ಬಟ್ಟೆಗಳು ಕರಗಿಹೋಗುತ್ತಿದ್ದವು. ಅದಕ್ಕೆ ಕಾರಣವಾದದ್ದು ಈ ಕುಲದ ಒಂದು ಜಾತಿ. ಹತ್ತಿಯ ಸೆಲ್ಯುಲೋಸ್ ಒಡೆಯುವ ಅದರ ಕಿಣ್ವಗಳನ್ನು ಈಗ ಬೆಳೆಸಿ ತೆಗೆದು ಬಟ್ಟೆ ಕಾರ್ಖಾನೆಗಳಲ್ಲಿ ಬಳಸುತ್ತಾರೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಬಂದು ಕೂತು ಪೆನಿಸಿಲಿನ್ ಔಷಧಕ್ಕೆ ಕಾರಣವಾದ ಪೆನಿಸಿಲಿಯಂ ಕೂಡ ಅವರಿಗೆ ಬೇಡದ ಬೂಷ್ಟೇ ಅಲ್ವಾ?

ಮನೆಯಲ್ಲಿ ಸೂಕ್ಷ್ಮದರ್ಶಕ ಎಲ್ಲರಲ್ಲೂ ಇರುವುದಿಲ್ಲ. ಆದ್ದರಿಂದ ನಾನು ಈಗ ಹೇಗೆ ನೋಡುತ್ತೇನೆ ಎಂದು ಹೇಳುತ್ತೇನೆ.

ಮೊದಲು ಕೇಳುವುದು, ಬಿಳಿ ಎಲ್ಲಿಂದ ಶುರುವಾಗಿದೆ? ಅಣಬೆಯ ಎಳೆ ನಾವು ಹಾಕಿದ ಕಾಳಿನಿಂದ ಹೊರಡುತ್ತದೆ. ಪ್ರತಿ ಕಾಳಿನ ಸುತ್ತ ಒಂದು ಬಿಳಿ ಚೆಂಡು, ಚೆಂಡುಗಳು ದೊಡ್ಡದಾಗಿ ಒಂದಕ್ಕೊಂದು ಸೇರುತ್ತವೆ. ಕಾಳಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ, ನೀರು ನಿಂತ ತಳದಲ್ಲಿ ಅಥವಾ ಒಂದು ಒಣ ಗಂಟಿನಲ್ಲಿ, ಒಂಟಿಯಾಗಿ ಬಿಳಿ ಕಂಡರೆ ನಾನು ಪೆನ್ನಿನಿಂದ ಅದರ ಅಂಚಿಗೆ ಪ್ಲಾಸ್ಟಿಕ್ಕಿನ ಮೇಲೆ ಗೆರೆ ಎಳೆದು ದಿನಾಂಕ ಬರೆಯುತ್ತೇನೆ. ಮಾರನೆಯ ದಿನ ಗೆರೆ ದಾಟಿ ಎಷ್ಟು ಹೋಗಿದೆ ಎಂದು ನೋಡುತ್ತೇನೆ. ಬೇರೆ ಚೀಲಗಳಿಗಿಂತ ತುಂಬಾ ವೇಗ ಇದ್ದರೆ ಅದು ಖುಷಿಯ ವಿಷಯ ಅಲ್ಲ. ನನ್ನ 5ನೇ ಚೀಲ ಕಲಿಸಿದ್ದು ಅದು.

ಬಿಳಿಯ ಮೇಲ್ಮೈಯನ್ನೂ ನೋಡಬೇಕು. ಅಣಬೆಯ ಎಳೆ ಅನೇಕ ಸಲ ಬೇರಿನ ಹಾಗೆ, ದಾರದ ಹಾಗೆ ಕವಲೊಡೆದು ಮುಂದೆ ಹೋಗುತ್ತದೆ. ಕೆಲವು ಸಲ ಹತ್ತಿಯ ಹಾಗೆ ಉಬ್ಬುತ್ತದೆ. ಎರಡೂ ಸರಿಯೇ. ಗಾಳಿ ಕಮ್ಮಿ, ತೇವ ಜಾಸ್ತಿ ಆದಾಗ ಎಳೆಗಳು ಮೇಲಕ್ಕೆ ಎದ್ದು ಕೂದಲು ಕೂದಲಾಗಿ ಕಾಣುತ್ತವೆ. ಅಣಬೆಯ ಕಾಂಡದ ಬುಡದಲ್ಲೂ ಹೀಗಾಗುತ್ತದೆ. ಗಾಳಿ ಆಡಿಸಿದರೆ ಕಮ್ಮಿಯಾಗುತ್ತದೆ. ನಾನು ಎಸೆದ 2 ಮತ್ತು 4ರಲ್ಲಿ ಇದ್ದದ್ದು ಇಷ್ಟೇ. ಜೊತೆಗಿದ್ದ ಹಳದಿ ನೀರು ಎಳೆ ತಾನೇ ಬಿಟ್ಟದ್ದು. ಸ್ವಲ್ಪ ಇದ್ದರೆ ಸಹಜ. ತುಂಬಾ ಇದ್ದರೆ ಒಳಗೆ ಬ್ಯಾಕ್ಟೀರಿಯಾ ಜೊತೆಗೋ ಬೇರೆ ಶಿಲೀಂಧ್ರದ ಜೊತೆಗೋ ಜಗಳ ನಡೆದಿರಬಹುದು, ಆಗ ಮೂಸಿ ನೋಡುವ ಪರೀಕ್ಷೆ ಬೇಕು.

ಮೂಸುವುದು ಅಂದೆ, ಒಂದು ಎಚ್ಚರಿಕೆ ಸೇರಿಸಬೇಕು. ಬಣ್ಣದ ಪುಡಿ ಕಂಡ ಚೀಲದ ಹತ್ತಿರ ಮೂಗು ಒಯ್ಯಬೇಡಿ. ಬಣ್ಣ ಇಲ್ಲದಿದ್ದರೆ ಮಾತ್ರ ಚೀಲದ ತೂತಿನಿಂದ ಬರುವ ಗಾಳಿಯನ್ನು ಕೈಯಿಂದ ಬೀಸಿಕೊಂಡು ನೋಡಿ. ಆರೋಗ್ಯವಾದ ಎಳೆಗೆ ತಾಜಾ ಅಣಬೆಯದೇ ವಾಸನೆ. ಹುಳಿ, ಕೊಳೆತ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾ. ಹಳೆಯ ಮುಚ್ಚಿದ ಪೆಟ್ಟಿಗೆ ತೆರೆದಾಗ ಬರುವ ಮುಗ್ಗಲು ವಾಸನೆ ಬೂಷ್ಟಿನದು.

ಬಣ್ಣದ ಕಲೆ ಕಂಡು ಅನುಮಾನ ಬಂದರೆ ಹತ್ತಿ ಸುತ್ತಿದ ಕಡ್ಡಿಯನ್ನು ಒದ್ದೆ ಮಾಡಿ ಮೆಲ್ಲಗೆ ಒರೆಸಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಬೀಜಕದ ಪುಡಿ. ಹತ್ತದಿದ್ದರೆ ಎಳೆಯೇ ಬಣ್ಣ ತಿರುಗಿರಬಹುದು, ಪೆಟ್ಟು ಬಿದ್ದಲ್ಲಿ ಅಥವಾ ಒಣಗಿದಲ್ಲಿ ಹಾಗಾಗುತ್ತದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ ಇದು. ಆದರೆ ಮುಚ್ಚಿದ ಚೀಲವನ್ನು ಇದಕ್ಕಾಗಿ ಬಿಚ್ಚಬೇಡಿ.

ಮೋಸ ಮಾಡುವ ಇನ್ನೆರಡು ಇವೆ. ಒಂದು ಜೇಡರ ಬಲೆಯಂಥ ಬೂಷ್ಟು, ಕ್ಲ್ಯಾಡೊಬಾಟ್ರಿಯಂ. ಇದಕ್ಕೆ ಹಸಿರೂ ಇಲ್ಲ, ಕಪ್ಪೂ ಇಲ್ಲ. ಬೂದು ಮಿಶ್ರಿತ ಬಿಳಿ, ತೆಳ್ಳಗೆ, ಮೇಲಕ್ಕೆ ಎದ್ದ ಹಾಗೆ. ಅಣಬೆಯ ಎಳೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ಹಾಲು, ಇದು ಹೊಗೆ. ಒಂದೆರಡು ದಿನದಲ್ಲಿ ಬೆಳೆದ ಅಣಬೆಯನ್ನೇ ಸುತ್ತಿಬಿಡುತ್ತದೆ. ಇನ್ನೊಂದು ಕಿತ್ತಳೆ ಬಣ್ಣದ ನ್ಯೂರೊಸ್ಪೋರಾ. ಗಂಟೆಗೆ ಕೆಲವು ಮಿಲಿಮೀಟರ್ ಓಡುತ್ತದೆ. ಒಂದು ರಾತ್ರಿಯಲ್ಲಿ ಚೀಲದ ಬಾಯಿಂದ ಹೊರಗೆ ಇಣುಕಿರುತ್ತದೆ. ಅಮೆರಿಕದ ವಿಜ್ಞಾನಿಗಳಾದ ಬೀಡಲ್ ಮತ್ತು ಟೇಟಮ್ 1941ರಲ್ಲಿ ಒಂದು ಜೀನ್ ಒಂದು ಕಿಣ್ವವನ್ನು ಹೇಗೆ ನಿಯಂತ್ರಿಸುತ್ತದೆ ಎಂದು ತೋರಿಸಿದ್ದು ಈ ಕಿತ್ತಳೆ ಬೂಷ್ಟಿನ ಮೇಲೆಯೇ, 1958ರಲ್ಲಿ ಅದಕ್ಕೆ ನೊಬೆಲ್ ಬಂತು.

ಹಸಿರು ಕಂಡರೆ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದರೆ ಸಾಲದಾ ಎಂದು ತುಂಬಾ ಜನ ಕೇಳುತ್ತಾರೆ. ಸಾಲದು. ಮೊದಲು ಹೇಳಿದೆನಲ್ಲ, ಶಿಲೀಂಧ್ರ ತನ್ನ ಊಟದ ಒಳಗೇ ಇರುತ್ತದೆ. ಹಸಿರು ಕಂಡ ಜಾಗ ಬೀಜಕ ಮಾಡಿದ ಜಾಗ ಮಾತ್ರ. ಎಳೆ ಅದರ ಸುತ್ತ ಆಗಲೇ ಹಬ್ಬಿರುತ್ತದೆ, ಬಿಳಿಯಾಗಿ, ಗುರುತು ಸಿಗದ ಹಾಗೆ. ಕತ್ತರಿಸುವಾಗ ಪುಡಿ ಕೋಣೆಯೆಲ್ಲ ಹಾರುತ್ತದೆ. ಚೀಲವನ್ನು ಬಿಚ್ಚದೆ ಇನ್ನೊಂದು ಚೀಲದಲ್ಲಿ ಹಾಕಿ ಕಟ್ಟಿ ಹೊರಗೆ ಸಾಗಿಸಿ. ಮೂಗಿಗೆ ಮಾಸ್ಕ್ ಇರಲಿ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕಮ್ಮಿ ಇರುವವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಅಂಥವರ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಬೇರೂರಿಬಿಡಬಹುದು. ಅಣಬೆಗಳ ಬೀಜಕವೂ ತೀರ ಸಾಧು ಅಲ್ಲ, ಮುಚ್ಚಿದ ಕೋಣೆಯಲ್ಲಿ ದಿನಾ ಉಸಿರಾಡಿದರೆ ಕೆಮ್ಮು, ಜ್ವರ ತರುತ್ತದೆ. ಟೋಪಿ ಪೂರ್ತಿ ಅರಳಿ ಚಪ್ಪಟೆಯಾಗುವ ಮೊದಲೇ ಕೀಳಿ.

ತಿನ್ನುವ ಪದಾರ್ಥಕ್ಕೂ ಇದೇ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಗೆ ಆಸ್ಪರ್ಜಿಲಸ್ ಫ್ಲೇವಸ್ ಹತ್ತಿತ್ತು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಆಗ. ಆ ವಿಷ ಸಾಮಾನ್ಯ ಅಡುಗೆಯ ಬಿಸಿಗೆ ಹೋಗುವುದಿಲ್ಲ. ಮೇಲಿನ ಪುಡಿ ಒರೆಸಿದ ಮಾತ್ರಕ್ಕೆ ಒಳಗಿನದು ಹೋಗುವುದೂ ಇಲ್ಲ.

ಎಳೆಯ ಹಾಗೆ ಕಂಡದ್ದೆಲ್ಲ ಶಿಲೀಂಧ್ರವೂ ಅಲ್ಲ. ಗೊಬ್ಬರದ ಗುಂಡಿಯಲ್ಲಿ ಬೂದಿ ಚೆಲ್ಲಿದ ಹಾಗೆ ಕಾಣುವ ಬಿಳಿ ಹೆಚ್ಚಾಗಿ ಆಕ್ಟಿನೊಮೈಸೀಟ್‌ಗಳು, ಎಳೆಯ ರೂಪದ ಬ್ಯಾಕ್ಟೀರಿಯಾ. ಮಣ್ಣಿನ ವಾಸನೆ ಕೊಡುವುದು ಅವೇ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆಸಿ ಬರ ತಂದ ಫೈಟಾಫ್ತೊರಾಗೂ ಎಳೆ ಇದೆ, ಆದರೆ ಅದರ ಗೋಡೆಯಲ್ಲಿ ಶಿಲೀಂಧ್ರಗಳ ಕೈಟಿನ್ ಬದಲು ಸೆಲ್ಯುಲೋಸ್ ಇರುತ್ತದೆ. ಅದು ಶಿಲೀಂಧ್ರಗಳ ವಂಶವೇ ಅಲ್ಲ.

ಮಾರನೆಯ ಬೆಳಿಗ್ಗೆ ತಂಗಿಗೆ ಫೋನ್ ಮಾಡಿದೆ. "ಬಿಳಿ ಎಲ್ಲಿಂದ ಶುರುವಾಗಿದೆ ನೋಡು, ಕಾಳಿನಿಂದಲೋ?" ಎಂದು ಕೇಳಿದೆ. ಟಾರ್ಚ್ ಹಿಡಿದು ನೋಡಿದಳು. "ಹೌದಕ್ಕಾ, ಉಬ್ಬಿರೋ ಕಡೆ ನಾಲ್ಕೈದು ಕಾಳು ಒಟ್ಟಿಗೆ ಬಿದ್ದಿದೆ." ವಾಸನೆ ಅಣಬೆಯದೇ. ಹಳದಿ ನೀರು ಒಂದು ಚಮಚದಷ್ಟು. ಬಣ್ಣ ಎಲ್ಲೂ ಇಲ್ಲ. ಬಿಳಿಯ ಅಂಚಿಗೆ ಗೆರೆ ಎಳೆದು ದಿನಾಂಕ ಬರೆಯಲು, ಟಾರ್ಚನ್ನು ಬೇಗ ಆರಿಸಲು, ಚೀಲವನ್ನು ಒತ್ತದೆ ಇರಲು ಹೇಳಿದೆ.

ಮೂರು ದಿನ ಸಂಜೆ ಸಂಜೆ ಫೋಟೊ ಬಂತು. ಮೊದಲ ದಿನ ಗೆರೆ ದಾಟಿ ಒಂದು ಬೆರಳಿನಗಲಕ್ಕೂ ಕಮ್ಮಿ. ಎರಡನೆಯ ದಿನ ಇನ್ನಷ್ಟು. ಮೂರನೆಯ ದಿನ ಮೂಲೆಯ ಉಬ್ಬು ಪಕ್ಕದ ಬಿಳಿ ಚೆಂಡಿಗೆ ಸೇರಿಕೊಂಡಿತ್ತು, ಎರಡರ ನಡುವಿನ ಗೆರೆಯೇ ಕಾಣಿಸುತ್ತಿರಲಿಲ್ಲ. ಬೇರೆ ಬೇರೆ ಜೀವಗಳಾಗಿದ್ದರೆ ಅವು ಎದುರಾದ ಕಡೆ ಹಳದಿಯೋ ಕಂದೋ ಒಂದು ಗಡಿ ಬೀಳುತ್ತಿತ್ತು.

"ಈಗ ಹೇಳು ಅಕ್ಕಾ, ಬೂಷ್ಟಲ್ಲ ಅಲ್ವಾ?" ಎಂದು ಕೇಳಿದಳು. ಅಲ್ಲ ಎಂದೆ. ಆಮೇಲೆ ಅವಳು ಚೀಲದ ತಳದ ಒಂದು ಫೋಟೊ ಕಳಿಸಿದಳು. ನೀರು ನಿಂತ ಜಾಗದಲ್ಲಿ, ಕಾಳಿಲ್ಲದ ಕಡೆ, ಬೆರಳ ತುದಿಯಷ್ಟು ಬಿಳಿ. ಅದಕ್ಕೂ ಆಗಲೇ ಗೆರೆ ಎಳೆದು ದಿನಾಂಕ ಬರೆದಿದ್ದಳು.